ಜಮೀನಿಗೆ ಸರ್ವೆ ನಂಬರ್ ಇದೆ, ಮನೆಗೆ ವಿಳಾಸವಿಲ್ಲ

ಪ್ರಶ್ನೆ: ತುಮಕೂರು ಜಿಲ್ಲೆಯ ಹಳ್ಳಿಯೊಂದರಲ್ಲಿ ನಮ್ಮ ತಂದೆ 1994ರಲ್ಲಿ ಜಮೀನು ಕೊಂಡಿದ್ದರು. ಈಗ ಅವರಿಲ್ಲ, ಪಹಣಿ ಮಾತ್ರ ಇನ್ನೂ ಅವರ ಹೆಸರಿನಲ್ಲೇ ಇದೆ. ಕ್ರಯಪತ್ರದಲ್ಲಿ ‘ಸರ್ವೆ ನಂ. 112ರ ಪೈಕಿ 1 ಎಕರೆ 28 ಗುಂಟೆ’ ಎಂದಿದೆ. ಪಹಣಿಯಲ್ಲಿ 112/ಪಿ3 ಎಂದಿದ್ದು, ಒಂದು ಕಡೆ 1.28, ಇನ್ನೊಂದು ಕಡೆ 1.24 ಎಂದು ನಮೂದಾಗಿದೆ. ಚಕ್ಕುಬಂದಿಯಲ್ಲಿ, ಅಂದರೆ ನಾಲ್ಕು ದಿಕ್ಕಿನ ಗಡಿಯ ವಿವರದಲ್ಲಿ, ಹೆಸರಿಸಿರುವ ಅಕ್ಕಪಕ್ಕದವರಲ್ಲಿ ಯಾರೂ ಬದುಕಿಲ್ಲ. ಜಮೀನಿನಲ್ಲೇ ಒಂದು ಸಣ್ಣ ಮನೆ ಕಟ್ಟಿಕೊಂಡು ತಾಯಿಯೊಂದಿಗೆ ನೆಲೆಸಿದ್ದೇನೆ. ಬ್ಯಾಂಕು, ಕೊರಿಯರ್, ಆಧಾರ್ ಕೇಂದ್ರ ಎಲ್ಲ ಕಡೆಯೂ ವಿಳಾಸ ಕೇಳುತ್ತಾರೆ. ಸರ್ವೆ ನಂಬರ್ ಬರೆದುಕೊಟ್ಟರೆ ಒಪ್ಪುವುದಿಲ್ಲ. ಮೊಬೈಲ್‌ನಲ್ಲಿ ನಿಂತ ಜಾಗದ ಸರ್ವೆ ನಂಬರ್ ತೋರಿಸುವ ದಿಶಾಂಕ್ ಆ್ಯಪ್ ತೆರೆದರೆ ನಮ್ಮ ಮನೆ ಪಕ್ಕದ 113ರಲ್ಲಿದೆ ಎಂದು ತೋರಿಸುತ್ತದೆ. ನಮ್ಮ ವಿಳಾಸ ಯಾವುದು? ನಮ್ಮ ಜಮೀನು ನಿಜವಾಗಿ ಎಲ್ಲಿದೆ?

ಉತ್ತರ: ನೀವು ಕೇಳಿರುವುದು ಒಂದೇ ಪ್ರಶ್ನೆಯಂತೆ ಕಂಡರೂ ಅದರೊಳಗೆ ಮೂರು ಕಚೇರಿಗಳ ಕೆಲಸ ಸೇರಿಕೊಂಡಿದೆ. ಸರ್ವೆ ನಂಬರ್ ಎನ್ನುವುದು ಕಂದಾಯ ಇಲಾಖೆ ನೆಲಕ್ಕೆ ಕೊಟ್ಟ ಗುರುತು. ಮನೆಯ ನಂಬರ್ ಗ್ರಾಮ ಪಂಚಾಯಿತಿ ತೆರಿಗೆಗಾಗಿ ಕೊಡುವಂಥದ್ದು. ವಿಳಾಸ ಅಂಚೆಯವನ ಅನುಕೂಲಕ್ಕೆ ಇರುವುದು. ಈ ಮೂರೂ ಒಂದನ್ನೊಂದು ಕೇಳಿಕೊಂಡು ಹುಟ್ಟಿದವಲ್ಲ. ಹಾಗಾಗಿ ಒಂದರ ಜಾಗದಲ್ಲಿ ಇನ್ನೊಂದನ್ನು ಇಟ್ಟರೆ ಯಾರೂ ಒಪ್ಪುವುದಿಲ್ಲ. ಸರ್ವೆ ನಂಬರ್ ಹಿಡಿದು ಮನೆಗೆ ಬರಲು ಅಂಚೆಯವನಿಗೆ ಆಗದು. ಪಿನ್ ಕೋಡ್ ನೋಡಿ ಖಾತೆ ಬದಲಾಯಿಸಲು ತಹಶೀಲ್ದಾರರಿಗೆ ಆಗದು.

ಮೊದಲು ಊರಿನ ಹೆಸರಿನಿಂದಲೇ ಹೊರಡೋಣ, ಅರ್ಧ ಗೊಂದಲ ಅಲ್ಲೇ ಇರುತ್ತದೆ. ನೀವು ವಾಸಿಸುವ ಊರನ್ನು ಜನ ಕರೆಯುವ ಹೆಸರು ಒಂದಿರಬಹುದು. ಅದು ಕಂದಾಯ ಗ್ರಾಮವಾಗಿರದೆ ದೊಡ್ಡ ಗ್ರಾಮವೊಂದರ ಮಜರೆಯಾಗಿದ್ದರೆ, ಅಂದರೆ ಅದಕ್ಕೆ ಸೇರಿದ ಉಪಗ್ರಾಮವಾಗಿದ್ದರೆ, ಪಹಣಿ ಕೊಡುವ ‘ಭೂಮಿ’ ತಂತ್ರಾಂಶದ ಗ್ರಾಮಗಳ ಪಟ್ಟಿಯಲ್ಲಿ ಆ ಹೆಸರೇ ಸಿಗುವುದಿಲ್ಲ. ಇದಕ್ಕೆ ತದ್ವಿರುದ್ಧವಾದದ್ದೂ ಉಂಟು: ಒಂದೂ ಮನೆಯಿಲ್ಲದ, ಆದರೆ ದಾಖಲೆಯಲ್ಲಿ ಪ್ರತ್ಯೇಕ ಗ್ರಾಮವಾಗಿರುವ ಬೇಚರಾಕ್ ಗ್ರಾಮಗಳು. ನಿಮ್ಮ ಹೊಲ ಅಂಥದ್ದೊಂದರಲ್ಲಿ ಬಿದ್ದಿದ್ದರೆ ಊರವರಿಗೂ ಅದರ ಹೆಸರು ಸರಿಯಾಗಿ ಗೊತ್ತಿರುವುದಿಲ್ಲ. ಗ್ರಾಮ ಪಂಚಾಯಿತಿಯ ಹೆಸರು ಬೇರೆಯದೇ ಇರಬಹುದು, ಏಕೆಂದರೆ ಒಂದು ಪಂಚಾಯಿತಿಗೆ ಹಲವು ಗ್ರಾಮಗಳು ಸೇರಿರುತ್ತವೆ. ಅಂಚೆ ಕಚೇರಿ ಮೂರನೆಯ ಊರಿನಲ್ಲಿರುವುದೂ ಸಾಮಾನ್ಯ. ಒಂದು ಹಾಳೆಯಲ್ಲಿ ಈ ಮೂರನ್ನೂ ಬರೆದಿಟ್ಟುಕೊಳ್ಳಿ: ಪಹಣಿಯಲ್ಲಿರುವ ಗ್ರಾಮ, ಮನೆ ತೆರಿಗೆಯ ರಸೀದಿ ಕೊಡುವ ಪಂಚಾಯಿತಿ, ಕಾಗದ ತಂದುಕೊಡುವ ಅಂಚೆ ಕಚೇರಿ. ಜೊತೆಗೆ ಹೋಬಳಿಯ ಹೆಸರು. ಒಂದೇ ತಾಲ್ಲೂಕಿನಲ್ಲಿ ಒಂದೇ ಹೆಸರಿನ ಎರಡು ಗ್ರಾಮಗಳಿರುವುದು ನಮ್ಮಲ್ಲಿ ಅಪರೂಪವಲ್ಲ; ಅವನ್ನು ಬೇರ್ಪಡಿಸುವುದು ಹೋಬಳಿಯೇ. ಹೋಬಳಿ ಬರೆಯದ ಅರ್ಜಿ ತಪ್ಪು ಊರಿನ ಕಡತ ಸೇರಿ ಅಲ್ಲೇ ಮಲಗಿಬಿಡುತ್ತದೆ.

ವಿಳಾಸದ ವಿಷಯ ಸುಲಭ, ಅದನ್ನು ಮುಗಿಸಿಬಿಡುತ್ತೇನೆ. ಅಂಚೆ ವಿಳಾಸಕ್ಕೆ ಯಾರ ಮಂಜೂರಾತಿಯೂ ಬೇಕಿಲ್ಲ. ಹೆಸರು, ತಂದೆಯ ಹೆಸರು, ‘ತೋಟದ ಮನೆ’ ಎಂದೋ ಮನೆಯ ಹೆಸರೋ, ಹತ್ತಿರದ ಗುರುತು, ಗ್ರಾಮ, ಅಂಚೆ, ಹೋಬಳಿ, ತಾಲ್ಲೂಕು, ಜಿಲ್ಲೆ, ಪಿನ್ ಕೋಡ್ ಇಷ್ಟಿದ್ದರೆ ಸಾಕು. 1972ರ ಆಗಸ್ಟ್ 15ರಂದು ಜಾರಿಗೆ ಬಂದ ಈ ಆರಂಕಿಯ ಪಿನ್ ಕೋಡ್ ಹಂಚುವ ಅಂಚೆ ಕಚೇರಿಯದ್ದೇ ಹೊರತು ನಿಮ್ಮ ಊರಿನದ್ದಲ್ಲ. ತುಮಕೂರು ಜಿಲ್ಲೆಯ ಹೆಚ್ಚಿನ ಕಡೆ ಅದು 572ರಿಂದ ಆರಂಭವಾಗುತ್ತದೆ, ಆದರೆ ಅದೇ ಜಿಲ್ಲೆಯ ಪಾವಗಡದ್ದು 561202. ಆದ್ದರಿಂದ ತಾಲ್ಲೂಕು ಕೇಂದ್ರದ ಪಿನ್ ಕೋಡನ್ನು ಅಂದಾಜಿನ ಮೇಲೆ ಬರೆಯಬೇಡಿ. ನಿಮ್ಮ ಶಾಖಾ ಅಂಚೆ ಕಚೇರಿಗೆ ಹೋಗಿ ಕೇಳಿ, ಹಾಗೆಯೇ ಅಂಚೆ ಹಂಚುವವರಿಗೆ ಮನೆಯನ್ನೂ ತೋರಿಸಿ. ಅವರು ಒಮ್ಮೆ ಮನೆ ಕಂಡುಕೊಂಡರೆ ನಂಬರಿನ ಕೊರತೆ ಅಷ್ಟಾಗಿ ಬಾಧಿಸುವುದಿಲ್ಲ.

ಆಧಾರ್ ಮತ್ತು ಬ್ಯಾಂಕಿನವರು ಕೇಳುವುದು ಆ ವಿಳಾಸಕ್ಕೆ ಪುರಾವೆ. ನಿಮ್ಮ ಮನೆಗೆ ವಿದ್ಯುತ್ ಸಂಪರ್ಕವಿದ್ದರೆ ಇತ್ತೀಚಿನ ಮೂರು ತಿಂಗಳೊಳಗಿನ ಬಿಲ್ಲು ಸಾಕು. ಆದರೆ ಆ ಬಿಲ್ಲಿನಲ್ಲಿ ಬರೀ ಆರ್.ಆರ್. ನಂಬರ್ (ವಿದ್ಯುತ್ ಸಂಪರ್ಕದ ಸಂಖ್ಯೆ) ಮತ್ತು ಊರಿನ ಹೆಸರು ಮಾತ್ರ ಇದ್ದರೆ ಮೊದಲು ವಿದ್ಯುತ್ ಕಚೇರಿಯಲ್ಲಿ ಹೆಸರು, ವಿಳಾಸ ಸರಿಪಡಿಸಿಕೊಳ್ಳಿ. ತಂದೆಯ ಹೆಸರಿನಲ್ಲೇ ಮೀಟರ್ ಇದ್ದರೆ ಅದನ್ನೂ ಬದಲಾಯಿಸಬೇಕು. ಅದಾಗುವವರೆಗೆ ಆಧಾರ್ ಪ್ರಾಧಿಕಾರದ ನಿಗದಿತ ನಮೂನೆಯಲ್ಲಿ ಗ್ರಾಮ ಪಂಚಾಯಿತಿ ಕೊಡುವ ಪ್ರಮಾಣಪತ್ರವೂ ನಡೆಯುತ್ತದೆ. ಕೊರಿಯರಿನವರಿಗೆ ಹೊಸದೊಂದು ದಾರಿ ಬಂದಿದೆ. ಅಂಚೆ ಇಲಾಖೆ 2025ರಲ್ಲಿ ತಂದ ಡಿಜಿಪಿನ್, ದೇಶವನ್ನೆಲ್ಲ ಸುಮಾರು ನಾಲ್ಕು ಮೀಟರ್ ಉದ್ದಗಲದ ಚೌಕಗಳಾಗಿ ವಿಂಗಡಿಸಿ ಪ್ರತಿಯೊಂದಕ್ಕೂ ಹತ್ತು ಅಕ್ಷರ-ಅಂಕಿಗಳ ಸಂಕೇತ ಕೊಡುತ್ತದೆ. ನಿಮ್ಮ ಬಾಗಿಲಿನ ಮುಂದೆ ನಿಂತು ಅದನ್ನು ತೆಗೆದುಕೊಂಡು ವಿಳಾಸದ ಕೊನೆಯಲ್ಲಿ ಬರೆಯಿರಿ. ಅದು ಜಾಗ ತೋರಿಸುತ್ತದೆ, ಅಷ್ಟೇ. ಅದನ್ನು ಹಿಡಿದುಕೊಂಡು ‘ಸರ್ಕಾರವೇ ನಮ್ಮ ಜಾಗಕ್ಕೆ ನಂಬರ್ ಕೊಟ್ಟಿದೆ’ ಎಂದು ಬೇಲಿ ಹಾಕಲು ಹೊರಡುವವರಿಗೆ ನನ್ನ ಬಳಿ ಮದ್ದಿಲ್ಲ.

ಇನ್ನು ಜಮೀನಿಗೆ ಬರೋಣ. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ.

ಪಹಣಿಯಲ್ಲಿ ಜನ ಮೊದಲು ಎಡವುವುದು ಚುಕ್ಕೆಯಲ್ಲಿ. 1.28 ಎಂದರೆ ಒಂದು ಎಕರೆ ಇಪ್ಪತ್ತೆಂಟು ಗುಂಟೆ. ಆ ಚುಕ್ಕೆ ದಶಮಾಂಶವಲ್ಲ. ನಲವತ್ತು ಗುಂಟೆಗೆ ಒಂದು ಎಕರೆ, ಹದಿನಾರು ಆಣೆಗೆ ಒಂದು ಗುಂಟೆ. ಒಂದು ಗುಂಟೆ ಎಂದರೆ 33 ಅಡಿ ಉದ್ದ, 33 ಅಡಿ ಅಗಲದ ಚೌಕ, ಅಂದರೆ 1,089 ಚದರ ಅಡಿ. ಹಾಗಾಗಿ ನಿಮ್ಮ 1.28 ಎಂಬುದು 68 ಗುಂಟೆ. ಯಾರಾದರೂ ಅದನ್ನು ಕ್ಯಾಲ್ಕುಲೇಟರಿನಲ್ಲಿ 43,560ರಿಂದ ಗುಣಿಸಿದರೆ ಐವತ್ತೊಂದು ಗುಂಟೆ ಚಿಲ್ಲರೆ ಬರುತ್ತದೆ. ಹದಿನಾರಕ್ಕೂ ಹೆಚ್ಚು ಗುಂಟೆ ಕಾಗದದ ಮೇಲೆಯೇ ಮಾಯ! ಬ್ಯಾಂಕಿನ ಸಾಲದ ಅರ್ಜಿಗಳಲ್ಲಿ, ಪಾಲುಪಟ್ಟಿಗಳಲ್ಲಿ ಈ ತಪ್ಪು ನಡೆಯುತ್ತದೆ. ಪಹಣಿಯಲ್ಲಿ ಗುಂಟೆಯ ಮುಂದೆ ಇನ್ನೂ ಚುಕ್ಕೆಯಿಟ್ಟು ಬರೆದಿರುವುದು ಆಣೆ. ದಕ್ಷಿಣ ಕನ್ನಡ, ಉಡುಪಿಯ ಕಡೆ ಮದರಾಸು ಕಾಲದ ಪದ್ಧತಿಯಂತೆ ಎಕರೆಗೆ ನೂರು ಸೆಂಟ್ಸ್, ಅಲ್ಲಿ 1.28 ಎಂದರೆ ನಿಜವಾಗಿಯೂ ಒಂದು ಎಕರೆ ಇಪ್ಪತ್ತೆಂಟು ಸೆಂಟ್ಸ್. ನಿಮ್ಮ ನೆಂಟರು ಆ ಕಡೆಯವರಾಗಿದ್ದರೆ ಅವರ ಲೆಕ್ಕದ ಸಲಹೆಯನ್ನು ಕೇಳಬೇಡಿ.

1.28 ಮತ್ತು 1.24ರ ನಡುವಿನ ನಾಲ್ಕು ಗುಂಟೆ ಎಲ್ಲಿಗೆ ಹೋಯಿತು? ಪಹಣಿಯ ಮೂರನೆಯ ಕಲಂ ನೋಡಿ. ಮೇಲೆ ಒಟ್ಟು ವಿಸ್ತೀರ್ಣ, ಅದರ ಕೆಳಗೆ ಫೂಟ್ ಖರಾಬು (ಕಂದಾಯದ ಲೆಕ್ಕದಿಂದ ಬಿಟ್ಟ ನೆಲ) ‘ಅ’ ಮತ್ತು ‘ಬ’, ಕೊನೆಗೆ ಉಳಿದದ್ದು. ನಿಮ್ಮ ನಾಲ್ಕು ಗುಂಟೆ ಈ ಎರಡು ಸಾಲುಗಳಲ್ಲಿ ಎಲ್ಲಿದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಜನ ಎ ಖರಾಬು ಎಂದು ಕರೆಯುವುದು ಬಂಡೆ, ಕಣ, ಬೇಸಾಯಕ್ಕೆ ಬಾರದ ನೆಲ. ಕಂದಾಯ ಬಿಟ್ಟಿರುತ್ತಾರೆ, ಆದರೆ ನೆಲ ಹಿಡುವಳಿದಾರನದೇ. ಬಿ ಖರಾಬು ಎಂದರೆ ಹಳ್ಳ, ಬಂಡಿದಾರಿ, ಕಾಲುದಾರಿ, ಕೆರೆಯ ಅಂಗಳ, ಸ್ಮಶಾನದಂಥ ಸಾರ್ವಜನಿಕ ಬಳಕೆಯ ಜಾಗ. ಅದು ನಿಮ್ಮ ಸರ್ವೆ ನಂಬರಿನ ಗೆರೆಯ ಒಳಗೇ ಇದ್ದರೂ ನಿಮ್ಮದಲ್ಲ. ನಿಮ್ಮ ಚಕ್ಕುಬಂದಿಯಲ್ಲಿ ಹಳ್ಳವೋ ಬಂಡಿದಾರಿಯೋ ಇದ್ದರೆ ಆ ನಾಲ್ಕು ಗುಂಟೆ ಬಹುಶಃ ಅದೇ. ಹಾಗಿದ್ದಲ್ಲಿ ಕ್ರಯಪತ್ರದಲ್ಲಿ 1 ಎಕರೆ 28 ಗುಂಟೆ ಎಂದು ಬರೆಸಿಕೊಂಡಿದ್ದರೂ ನಿಮ್ಮ ತಂದೆಗೆ ದಕ್ಕಿದ್ದು 1 ಎಕರೆ 24 ಗುಂಟೆಯೇ. ಮಾರಿದವರು ತಮ್ಮದಲ್ಲದ್ದನ್ನು ಮಾರಲು ಆಗದು. ಮೂವತ್ತು ವರ್ಷಗಳ ನಂತರ ಅದಕ್ಕಾಗಿ ಜಗಳಕ್ಕೆ ನಿಲ್ಲುವುದರಲ್ಲಿ ಅರ್ಥವಿಲ್ಲ, ಆದರೆ ಬೇಲಿ ಹಾಕುವಾಗ, ಮುಂದೆ ಮಾರುವಾಗ ಈ ನಾಲ್ಕು ಗುಂಟೆಯನ್ನು ಲೆಕ್ಕದಿಂದ ಬಿಡಿ. ಬಂಡಿದಾರಿ ಈಗ ಬಳಕೆಯಲ್ಲಿಲ್ಲ, ಗಿಡಗಂಟಿ ಬೆಳೆದಿದೆ ಎಂದರೂ ನಕ್ಷೆಯಲ್ಲಿರುವ ತನಕ ಅದು ದಾರಿಯೇ.

ಈಗ 112/ಪಿ3. ನಿಮ್ಮ ಕಾಗದಗಳಲ್ಲಿ ನನಗೆ ಅತಿ ಹೆಚ್ಚು ಚಿಂತೆ ಹುಟ್ಟಿಸುವುದು ಈ ‘ಪಿ’. ಪಹಣಿಯಲ್ಲಿ 112/3 ಎಂದಿದ್ದರೆ ಅದು ಹಿಸ್ಸಾ. ಭೂಮಾಪಕರು ಬಂದು ಅಳೆದು, ಗೆರೆ ಎಳೆದು, ಆ ತುಂಡಿಗೆ ಪ್ರತ್ಯೇಕ ನಕ್ಷೆ ಮಾಡಿದ್ದಾರೆ ಎಂದರ್ಥ. ಹಿಸ್ಸಾ ಕಲಂನಲ್ಲಿ ನಕ್ಷತ್ರದ ಗುರುತು ಮಾತ್ರ ಇದ್ದರೆ ಆ ಸರ್ವೆ ನಂಬರ್ ಭಾಗವಾಗಿಲ್ಲ. ‘ಪಿ’ ಎಂದಿದ್ದರೆ, ಹಕ್ಕು ಕಾಗದದ ಮೇಲೆ ಭಾಗವಾಗಿದೆ, ನೆಲ ಸರ್ವೆ ಇಲಾಖೆಯ ದಾಖಲೆಯಲ್ಲಿ ಭಾಗವಾಗಿಲ್ಲ. 112ರಲ್ಲಿ ನಿಮಗೆ 1 ಎಕರೆ 28 ಗುಂಟೆ ಇದೆ ಎಂದು ಪಹಣಿ ಹೇಳುತ್ತದೆ. 112ರ ಯಾವ ಮೂಲೆಯಲ್ಲಿದೆ ಎಂದು ಹೇಳುವ ಸರ್ಕಾರಿ ನಕ್ಷೆ ಇಲ್ಲವೇ ಇಲ್ಲ. ನಿಮ್ಮ ಭಾಗ ಎಲ್ಲಿದೆ ಎಂದು ತೋರಿಸುವ ಏಕೈಕ ಆಧಾರ ಸದ್ಯಕ್ಕೆ ಕ್ರಯಪತ್ರದ ಚಕ್ಕುಬಂದಿ. ಸರ್ವೆ ನಂಬರಿನ ಒಂದು ಭಾಗವನ್ನು ಮಾರುವುದಿದ್ದರೆ, ದಾನ ಕೊಡುವುದಿದ್ದರೆ ಈಗ ಆ ಭಾಗವನ್ನು ಅಳೆದು ತೋರಿಸುವ 11ಇ ನಕ್ಷೆ ಕಡ್ಡಾಯ. 1994ರಲ್ಲಿ ಹಾಗಿರಲಿಲ್ಲ, ಅಂದಿನ ಕ್ರಯಪತ್ರಗಳಲ್ಲಿ ಬಹುಪಾಲು ಹೀಗೆ ‘ಪೈಕಿ’ ಎಂದೇ ನಡೆದುಹೋಗಿವೆ.

ಆ ಚಕ್ಕುಬಂದಿಯಾದರೂ ಯಾರ ಹೆಸರಿನ ಮೇಲೆ ನಿಂತಿದೆ? ಸತ್ತವರ ಹೆಸರಿನ ಮೇಲೆ. ಇದರಿಂದ ಅದು ಬಿದ್ದುಹೋಗುವುದಿಲ್ಲ, ಸ್ವಲ್ಪ ಹುಡುಕಾಟ ಬೇಕು. ಸರ್ವೆ ಇಲಾಖೆಯ ಜಾಲತಾಣದಿಂದ ಗ್ರಾಮ ನಕ್ಷೆ ಇಳಿಸಿಕೊಳ್ಳಿ, 112ರ ಸುತ್ತ ಯಾವ ಯಾವ ನಂಬರುಗಳಿವೆ ಎಂದು ಗುರುತು ಹಾಕಿ. ನಂಬರುಗಳು ಸಾಲಾಗಿಯೇ ಇರುತ್ತವೆ ಎಂದುಕೊಳ್ಳಬೇಡಿ. ಗೋಮಾಳದಲ್ಲಿ ಮಂಜೂರಾದ ಭೂಮಿಗೆ ಗ್ರಾಮದ ಕೊನೆಯ ನಂಬರುಗಳನ್ನು ಕೊಟ್ಟಿರುವುದರಿಂದ 112ರ ಮಗ್ಗುಲಲ್ಲಿ 240 ಇದ್ದರೂ ಆಶ್ಚರ್ಯವಿಲ್ಲ. ಆ ನಂಬರುಗಳಿಗೂ, 112ರ ಉಳಿದ ಪಿ ನಂಬರುಗಳಿಗೂ 1994ರ ಆಸುಪಾಸಿನ ಕೈಬರಹದ ಪಹಣಿಯ ನಕಲನ್ನು ತಾಲ್ಲೂಕು ಕಚೇರಿಯ ಅಭಿಲೇಖಾಲಯದಲ್ಲಿ (ರೆಕಾರ್ಡ್ ರೂಮಿನಲ್ಲಿ) ಕೇಳಿ ಪಡೆಯಿರಿ. ಚಕ್ಕುಬಂದಿಯ ಹೆಸರು ಅಲ್ಲಿ ಒಂಬತ್ತನೆಯ ಕಲಂನಲ್ಲಿ ಸಿಕ್ಕಿತೆಂದರೆ ಆ ದಿಕ್ಕಿಗೆ ಒಂದು ನಂಬರ್ ಸಿಕ್ಕಂತೆ. ಅಲ್ಲಿಂದ ಮ್ಯುಟೇಶನ್, ಅಂದರೆ ಖಾತೆ ಬದಲಾವಣೆಯ ದಾಖಲೆ, ಹಿಡಿದು ಬಂದರೆ ಇಂದಿನ ಹಿಡುವಳಿದಾರ ಯಾರು ಎಂಬುದೂ ತಿಳಿಯುತ್ತದೆ. ಹತ್ತನೆಯ ಕಲಂನಲ್ಲಿ ಬರೆದಿರುವ ಎಂ.ಆರ್. (ಮ್ಯುಟೇಶನ್) ಸಂಖ್ಯೆ ಇದಕ್ಕೇ ಇರುವುದು. ಋಣಭಾರ ಪ್ರಮಾಣಪತ್ರ ತೆಗೆಸುವಾಗಲೂ ಒಂದೇ ರೀತಿಯಲ್ಲಿ ಹುಡುಕಿಸಬೇಡಿ. ‘112’, ‘112ರ ಪೈಕಿ’, ‘112/3’ ಮೂರನ್ನೂ ಕೊಡಿ. ಬರಹದಲ್ಲಿ ಒಂದು ಗೆರೆ ಹೆಚ್ಚುಕಡಿಮೆಯಾದರೆ ಹಳೆಯ ಅಡಮಾನವೊಂದು ಕಣ್ತಪ್ಪಿಹೋಗಬಹುದು.

ಕ್ರಯಪತ್ರದ ವಿಸ್ತೀರ್ಣಕ್ಕೂ ಚಕ್ಕುಬಂದಿಗೂ ತಾಳೆಯಾಗದಿದ್ದರೆ ಯಾವುದು ನಿಲ್ಲುತ್ತದೆ ಎಂಬ ಪ್ರಶ್ನೆ ಬರುತ್ತದೆ. ನ್ಯಾಯಾಲಯಗಳು ಸಾಮಾನ್ಯವಾಗಿ ಚಕ್ಕುಬಂದಿಗೆ ಹೆಚ್ಚು ತೂಕ ಕೊಡುತ್ತವೆ, ಏಕೆಂದರೆ ಅಂದು ಕೊಂಡವರೂ ಮಾರಿದವರೂ ಕಣ್ಣಾರೆ ನೋಡಿ ಒಪ್ಪಿಕೊಂಡದ್ದು ನಾಲ್ಕು ದಿಕ್ಕನ್ನು. ಗುಂಟೆಯ ಲೆಕ್ಕ ಅಂದಾಜಾಗಿರಬಹುದು. ಪ್ರತಿಯೊಂದು ಪ್ರಕರಣದಲ್ಲೂ ಹಾಗೇ ಆಗುತ್ತದೆ ಎಂದೇನಿಲ್ಲ. ಆದರೂ ಕ್ರಯಪತ್ರ ಓದುವಾಗ ಅಂಕಿಗಿಂತ ಮೊದಲು ‘ಪೂರ್ವಕ್ಕೆ’ ಎಂಬಲ್ಲಿ ಕಣ್ಣು ಹಾಯಿಸುವುದು ಒಳ್ಳೆಯ ಅಭ್ಯಾಸ. ಮುಂದೆ ನೀವು ಯಾವ ಪತ್ರ ಬರೆಸಿದರೂ ‘ಪೂರ್ವಕ್ಕೆ ಇಂಥವರ ಜಮೀನು’ ಎಂದಷ್ಟೇ ಬರೆಸಬೇಡಿ. ಅವರ ಸರ್ವೆ ನಂಬರ್, ಹಿಸ್ಸಾ ನಂಬರನ್ನೂ ಸೇರಿಸಿ. ಮನುಷ್ಯರು ಸಾಯುತ್ತಾರೆ, ಜಮೀನು ಮಾರುತ್ತಾರೆ. ನಂಬರ್ ಅಷ್ಟು ಬೇಗ ಹೋಗುವುದಿಲ್ಲ.

ದಿಶಾಂಕ್ ನಿಮ್ಮ ಮನೆಯನ್ನು 113ರಲ್ಲಿ ತೋರಿಸುತ್ತಿದೆ ಎಂದಿದ್ದೀರಿ. ಅದಕ್ಕೆ ಈಗಲೇ ಹೆದರಬೇಡಿ, ಹಾಗೆಂದು ಪೂರ್ತಿ ಕಡೆಗಣಿಸಲೂ ಬೇಡಿ. ನಮ್ಮ ಗ್ರಾಮ ನಕ್ಷೆಗಳು ಬಹುತೇಕ 1:7920 ಪ್ರಮಾಣದವು. ಅಂದರೆ ನಕ್ಷೆಯ ಮೇಲಿನ ಒಂದು ಮಿಲಿಮೀಟರ್ ನೆಲದ ಮೇಲೆ ಸುಮಾರು ಎಂಟು ಮೀಟರ್. ಗಡಿಗೆರೆಯ ದಪ್ಪವೇ ಅರ್ಧ ಮಿಲಿಮೀಟರ್ ಇದ್ದರೆ ಆ ಗೆರೆಯೊಳಗೆ ಹದಿಮೂರು ಅಡಿ ಅಗಲದ ಜಾಗ ಮುಚ್ಚಿಹೋಗುತ್ತದೆ. ಅಂಥ ನಕ್ಷೆಯನ್ನು ಉಪಗ್ರಹ ಚಿತ್ರದ ಮೇಲೆ ಕೂರಿಸಿ, ಅದರ ಮೇಲೆ ಮೊಬೈಲಿನ ಜಿಪಿಎಸ್ ಚುಕ್ಕೆ ಇಟ್ಟರೆ ಎರಡೂ ಕಡೆಯ ವ್ಯತ್ಯಾಸ ಸೇರಿಕೊಳ್ಳುತ್ತದೆ. ಗಡಿಯಿಂದ ನೂರು ಅಡಿ ದೂರದಲ್ಲಿರುವ ಬಾವಿ ಯಾವ ನಂಬರಿನದು ಎಂದು ತಿಳಿಯಲು ದಿಶಾಂಕ್ ಬಹಳ ಚೆನ್ನಾಗಿದೆ. ಬದುವಿನ ಮಗ್ಗುಲಲ್ಲಿರುವ ಗೋಡೆ ಯಾರದು ಎಂದು ತೀರ್ಮಾನಿಸಲು ಅದು ಸಾಲದು. ನಿಮ್ಮ ಮನೆ ಬದುವಿನಿಂದ ಎಷ್ಟು ದೂರದಲ್ಲಿದೆ ಎಂದು ನೀವು ಬರೆದಿಲ್ಲ. ಇಪ್ಪತ್ತು ಮೂವತ್ತು ಅಡಿಯೊಳಗಿದ್ದರೆ ಆ ತೋರಿಕೆಗೆ ಬೆಲೆಯಿಲ್ಲ. ನೂರೈವತ್ತು ಅಡಿ ದೂರವಿದ್ದೂ 113 ಎಂದರೆ ಕೂಡಲೇ ಅಳತೆ ಮಾಡಿಸಿ.

ಅಳತೆಯ ನಿಜವಾದ ಆಧಾರ ಗ್ರಾಮ ನಕ್ಷೆಯಲ್ಲ, ಟಿಪ್ಪಣಿ. ಮೈಸೂರು ಸೀಮೆಯಲ್ಲಿ 1863ರಿಂದ ಕಂದಾಯ ಸರ್ವೆ ಶುರುವಾದಾಗ ಪ್ರತಿಯೊಂದು ಸರ್ವೆ ನಂಬರನ್ನೂ ಸರಪಳಿ ಹಿಡಿದು ಅಳೆದು, ಹೊಲದಲ್ಲೇ ನಿಂತು ಬರೆದುಕೊಂಡ ಕಚ್ಚಾ ಚಿತ್ರಗಳಿವು. ನೋಡಿದರೆ ಮಕ್ಕಳ ಗೀಚಾಟದಂತಿರುತ್ತದೆ, ಏಕೆಂದರೆ ಅದನ್ನು ಪ್ರಮಾಣಬದ್ಧವಾಗಿ ಬರೆದಿರುವುದಿಲ್ಲ. ಒಂದು ಮೂಲೆಯ ಕಲ್ಲಿನಿಂದ ಇನ್ನೊಂದು ಮೂಲೆಯ ಕಲ್ಲಿಗೆ ಉದ್ದನೆಯ ಗೆರೆ, ಅದರ ಎಡಬಲಕ್ಕೆ ಗಡಿಯ ಮುರಿವುಗಳಿಗೆ ಲಂಬವಾಗಿ ಎಳೆದ ಚಿಕ್ಕ ಗೆರೆಗಳು, ಪಕ್ಕದಲ್ಲಿ ಅಂಕಿಗಳು. ಆ ಅಂಕಿಗಳೇ ಮುಖ್ಯ, ಚಿತ್ರದ ಆಕಾರವಲ್ಲ. ಸರಪಳಿ 33 ಅಡಿಯದು, ಅದಕ್ಕೆ ಹದಿನಾರು ಆಣೆ. ಹಾಗಾಗಿ ‘4-8’ ಎಂದು ಬರೆದಿದ್ದರೆ ನಾಲ್ಕು ಸರಪಳಿ ಎಂಟು ಆಣೆ, ಅಂದರೆ ನಾಲ್ಕೂವರೆ ಸರಪಳಿ, 148 ಅಡಿ 6 ಅಂಗುಲ. ನಾಲ್ಕು ಸರಪಳಿ ಅಗಲ, ಐದು ಸರಪಳಿ ಉದ್ದದ ತುಂಡು ಇಪ್ಪತ್ತು ಗುಂಟೆ. 33 ಅಡಿಯ ಚೌಕವೇ ಗುಂಟೆಯಾಗಿರುವುದರ ಅನುಕೂಲ ಇದು: ಸರಪಳಿಯನ್ನು ಸರಪಳಿಯಿಂದ ಗುಣಿಸಿದರೆ ನೇರ ಗುಂಟೆಯೇ ಸಿಗುತ್ತದೆ. ಇಷ್ಟು ತಿಳಿದಿದ್ದರೆ ಭೂಮಾಪಕರು ನಿಮ್ಮ ಹೊಲದಲ್ಲಿ ಏನು ಮಾಡುತ್ತಿದ್ದಾರೆ ಎಂಬುದು ನಿಮಗೇ ಅರ್ಥವಾಗುತ್ತದೆ, ಸುಮ್ಮನೆ ನೆರಳಲ್ಲಿ ನಿಂತು ನೋಡಬೇಕಾಗಿಲ್ಲ.

ಟಿಪ್ಪಣಿಯ ಜೊತೆಗೆ 112ರ ಆಕಾರ್ ಬಂದ್ ನಕಲನ್ನೂ ತೆಗೆದುಕೊಳ್ಳಿ. ಇಡೀ ಸರ್ವೆ ನಂಬರಿನ ಒಟ್ಟು ವಿಸ್ತೀರ್ಣ, ಖರಾಬು, ಕಂದಾಯ ಎಷ್ಟು ಎಂಬುದು ಅದರಲ್ಲಿರುತ್ತದೆ. ಮನೆಯಲ್ಲೇ ಕುಳಿತು ಮಾಡಬಹುದಾದ ಪರೀಕ್ಷೆ ಒಂದಿದೆ: 112ರ ಎಲ್ಲ ಪಿ ನಂಬರುಗಳ ಪಹಣಿ ತೆಗೆದು ವಿಸ್ತೀರ್ಣ ಕೂಡಿಸಿ. ಉದಾಹರಣೆಗೆ ಪಿ1 2.10, ಪಿ2 1.36, ನಿಮ್ಮ ಪಿ3 1.28 ಎಂದಿಟ್ಟುಕೊಳ್ಳಿ. ಗುಂಟೆಗೆ ತಿರುಗಿಸಿದರೆ 90, 76, 68. ಒಟ್ಟು 234 ಗುಂಟೆ, ಅಂದರೆ 5.34. ಆಕಾರ್ ಬಂದ್‌ನಲ್ಲಿ 5.30 ಇದ್ದರೆ ನಾಲ್ಕು ಗುಂಟೆ ಎಲ್ಲೋ ಎರಡು ಸಲ ಲೆಕ್ಕಕ್ಕೆ ಬಂದಿದೆ. ಯಾರದೋ ಕೈಬರಹದ ಪಹಣಿಯನ್ನು ಕಂಪ್ಯೂಟರಿಗೆ ಏರಿಸುವಾಗ ಆದ ತಪ್ಪೂ ಇರಬಹುದು, ಹಳೆಯ ಪಾಲುಪಟ್ಟಿಯಲ್ಲೇ ಹುಟ್ಟಿದ ಉದಾರತೆಯೂ ಇರಬಹುದು. ಈ ಲೆಕ್ಕ ಸರಿಹೋಗುವವರೆಗೆ ಪೋಡಿಯ, ಅಂದರೆ ನಿಮ್ಮ ತುಂಡನ್ನು ಅಳೆದು ಬೇರ್ಪಡಿಸುವ ಕೆಲಸದ, ಕಡತ ಮುಂದಕ್ಕೆ ಹೋಗುವುದಿಲ್ಲ. ತಹಶೀಲ್ದಾರರಿಗೆ ತಿದ್ದುಪಡಿಯ ಅರ್ಜಿ ಕೊಡಬೇಕಾಗುತ್ತದೆ. ಇದನ್ನು ಮೊದಲೇ ನೋಡಿಕೊಳ್ಳದೆ ಪೋಡಿಗೆ ಹಣ ಕಟ್ಟಿ ವರ್ಷಗಟ್ಟಲೆ ಕಾಯುವವರು ಬಹಳ ಮಂದಿ.

ನೀವು ಮಾಡಿಸಬೇಕಾದದ್ದು ಹದ್ದುಬಸ್ತೋ ಪೋಡಿಯೋ? ಹದ್ದುಬಸ್ತು ಎಂದರೆ ಈಗಾಗಲೇ ದಾಖಲೆಯಲ್ಲಿರುವ ಗಡಿಯನ್ನು ನೆಲದ ಮೇಲೆ ತೋರಿಸುವುದು. 112 ಮತ್ತು 113ರ ನಡುವಿನ ಗೆರೆ ದಾಖಲೆಯಲ್ಲಿದೆ, ಅದನ್ನು ಹದ್ದುಬಸ್ತು ಮಾಡಿಸಬಹುದು. ನಿಮ್ಮ ದಿಶಾಂಕ್ ಪ್ರಶ್ನೆಗೆ ಉತ್ತರ ಅಲ್ಲಿ ಸಿಗುತ್ತದೆ. ಆದರೆ 112ರ ಒಳಗೆ ನಿಮ್ಮ ಪಿ3ಕ್ಕೂ ಪಿ2ಕ್ಕೂ ನಡುವೆ ಗೆರೆಯೇ ಇಲ್ಲ, ಇಲ್ಲದ ಗೆರೆಯನ್ನು ತೋರಿಸುವುದು ಹೇಗೆ? ಅದಕ್ಕೆ ಪೋಡಿ ಬೇಕು. ಪೋಡಿಯಾದ ಮೇಲೆ ನಿಮ್ಮ ತುಂಡಿಗೆ ಹಿಸ್ಸಾ ನಂಬರ್, ಅದರದೇ ನಕ್ಷೆ, ಅದರದೇ ಪಹಣಿ ಬರುತ್ತದೆ, ‘ಪಿ’ ಹೋಗುತ್ತದೆ. ಎರಡಕ್ಕೂ ಅರ್ಜಿ ಸರ್ವೆ ಇಲಾಖೆಯ ಮೋಜಿಣಿ ವ್ಯವಸ್ಥೆಯ ಮೂಲಕ. ನಾಡಕಚೇರಿಯಲ್ಲಿ ಕೇಳಿದರೆ ದಾರಿ ತೋರಿಸುತ್ತಾರೆ. ಒಂದು ಮಾತು ನೆನಪಿರಲಿ: ಭೂಮಾಪಕರು ಗಡಿ ತೋರಿಸುತ್ತಾರೆಯೇ ಹೊರತು ಹಕ್ಕು ತೀರ್ಮಾನಿಸುವುದಿಲ್ಲ. ಪಕ್ಕದವರು ಮೂವತ್ತು ವರ್ಷಗಳಿಂದ ಉಳುತ್ತಿರುವ ಪಟ್ಟಿ ನಿಮ್ಮ ಗೆರೆಯೊಳಗೆ ಬಂತು ಎಂದರೆ, ಅವರು ಒಪ್ಪದಿದ್ದಲ್ಲಿ ಮುಂದಿನ ದಾರಿ ಸಿವಿಲ್ ನ್ಯಾಯಾಲಯ. ಹಾಗೆಯೇ ಪಹಣಿಯೂ ಹಕ್ಕುಪತ್ರವಲ್ಲ. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 133ನೇ ಕಲಂ ಪ್ರಕಾರ ಅದರ ನಮೂದನ್ನು ಬೇರೆ ಸಾಬೀತಾಗುವವರೆಗೆ ಸರಿಯೆಂದು ಭಾವಿಸಲಾಗುತ್ತದೆ, ಅಷ್ಟೇ. ಆ ಕ್ರಯಪತ್ರವನ್ನು ಜೋಪಾನವಾಗಿಡಿ.

ಇವೆಲ್ಲಕ್ಕೂ ಮುಂಚೆ ಪೌತಿ ಖಾತೆ, ಅಂದರೆ ತೀರಿಕೊಂಡವರ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡಿಸುವುದು. ತಂದೆಯ ಹೆಸರಿನಲ್ಲಿರುವ ಪಹಣಿಯ ಮೇಲೆ ನೀವು ಅರ್ಜಿ ಹಾಕಿದರೆ ‘ಅರ್ಜಿದಾರರು ಖಾತೆದಾರರಲ್ಲ’ ಎಂಬ ಹಿಂಬರಹ ಬರುತ್ತದೆ. ಮರಣ ಪ್ರಮಾಣಪತ್ರ, ವಂಶವೃಕ್ಷ ಕೊಟ್ಟು ವಾರಸುದಾರರೆಲ್ಲರ ಹೆಸರಿಗೆ ಮಾಡಿಸಿ. ತಾಯಿಯ ಹೆಸರು, ಅಕ್ಕತಂಗಿಯರಿದ್ದರೆ ಅವರ ಹೆಸರು ಬಿಟ್ಟುಹೋಗದಂತೆ ನೋಡಿಕೊಳ್ಳಿ. ಬಿಟ್ಟು ಮಾಡಿಸಿದ ಖಾತೆ ಮುಂದೆ ಮಾರಾಟದ ಹೊತ್ತಿನಲ್ಲಿ ಖಂಡಿತ ಎದುರು ಬಂದು ನಿಲ್ಲುತ್ತದೆ.

ಕೊನೆಗೆ ಮನೆಯ ನಂಬರ್. ಗ್ರಾಮಠಾಣಾದ (ಊರಿನ ವಸತಿ ಪ್ರದೇಶದ) ಒಳಗಿನ ಮನೆಗಳ ಕಥೆ ಬೇರೆ. ಅಲ್ಲಿ ಅಸೆಸ್‌ಮೆಂಟ್ ನಂಬರ್, ಹಳೆಯ ಪತ್ರಗಳಲ್ಲಾದರೆ ಖಾನೇಷುಮಾರಿ ನಂಬರ್ ಎಂದು ಏನೋ ಒಂದು ಇದ್ದೇ ಇರುತ್ತದೆ. ಈಗ ಪಂಚಾಯಿತಿ ಆಸ್ತಿಗಳ ಇ-ಸ್ವತ್ತು ತಂತ್ರಾಂಶದ ಮೂಲಕ ನಮೂನೆ 9 ಮತ್ತು 11ಎ ಕೊಡುತ್ತಾರೆ. 2020ರ ಏಪ್ರಿಲ್‌ನಲ್ಲಿ ಆರಂಭವಾದ ಸ್ವಾಮಿತ್ವ ಯೋಜನೆಯಲ್ಲಿ ಡ್ರೋನ್ ಹಾರಿಸಿ ಅಳೆದು ಆಸ್ತಿ ಕಾರ್ಡ್ ಕೊಡುತ್ತಿರುವುದೂ ಜನವಸತಿ ಪ್ರದೇಶಕ್ಕೇ. ನಿಮ್ಮ ಮನೆ ಕೃಷಿ ಜಮೀನಿನಲ್ಲಿದೆ. ಅದೇ ಭೂಕಂದಾಯ ಕಾಯ್ದೆಯ 95ನೇ ಕಲಂ ಪ್ರಕಾರ ರೈತ ತನ್ನ ಸ್ವಂತ ವಾಸಕ್ಕೆ, ಸಲಕರಣೆ, ದನಕರುಗಳಿಗೆ ಹಿಡುವಳಿಯ ಶೇ. 10ರೊಳಗೆ, ಸರ್ಕಾರ ನಿಗದಿಪಡಿಸಿದ ಗರಿಷ್ಠ ಮಿತಿ ಮೀರದಂತೆ ತೋಟದ ಮನೆ ಕಟ್ಟಿಕೊಳ್ಳಲು ಭೂಪರಿವರ್ತನೆ ಬೇಕಿಲ್ಲ. ನಿಮ್ಮ 64 ಗುಂಟೆಯಲ್ಲಿ ಹತ್ತನೇ ಒಂದು ಭಾಗವೆಂದರೆ ಆರು ಗುಂಟೆ ಚಿಲ್ಲರೆ. ನೀವು ಹೇಳುವ ‘ಸಣ್ಣ ಮನೆ’ ಅದರೊಳಗೇ ಇರುತ್ತದೆ ಎಂದುಕೊಳ್ಳುತ್ತೇನೆ. ಅದನ್ನು ಬಾಡಿಗೆಗೆ ಕೊಡುವುದು, ಅಂಗಡಿ ಇಡುವುದು ಈ ರಿಯಾಯಿತಿಯೊಳಗೆ ಬರುವುದಿಲ್ಲ. ಪಂಚಾಯಿತಿಯಲ್ಲಿ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಅವರಿಗೆ ಅರ್ಜಿ ಕೊಟ್ಟು ಕಟ್ಟಡಕ್ಕೆ ತೆರಿಗೆ ಹಾಕಿಸಿಕೊಂಡು ಒಂದು ಸ್ವತ್ತಿನ ಸಂಖ್ಯೆ ಪಡೆಯಲು ಯತ್ನಿಸಿ. ಇಂಥ ಸ್ವತ್ತುಗಳಿಗೆ ಕೊಡುವುದು ನಮೂನೆ 11ಬಿ. ಅದು ತೆರಿಗೆಯ ವಹಿ. ಅದರಿಂದ ವಿಳಾಸಕ್ಕೆ ಒಂದು ನಂಬರ್ ಸಿಗುತ್ತದೆ, ಕೃಷಿ ಜಮೀನು ನಿವೇಶನವಾಗಿ ಬದಲಾಗುವುದಿಲ್ಲ. 11ಬಿ ತೋರಿಸಿ ‘ಸೈಟ್’ ಎಂದು ಮಾರುವವರ ಹತ್ತಿರವೂ ಸುಳಿಯಬೇಡಿ.

ಪೋಡಿಗೋ ಹದ್ದುಬಸ್ತಿಗೋ ಭೂಮಾಪಕರು ಬರುವ ದಿನ ಅಕ್ಕಪಕ್ಕದ ಹಿಡುವಳಿದಾರರಿಗೆ ನೋಟಿಸ್ ಮುಟ್ಟಿದೆಯೇ ಎಂದು ಖಾತ್ರಿ ಮಾಡಿಕೊಳ್ಳಿ, ಮುಟ್ಟಿದ್ದರೂ ಹಿಂದಿನ ಸಂಜೆ ನೀವೇ ಹೋಗಿ ಕರೆದುಬನ್ನಿ. ಅವರ ಮುಂದೆ ಆದ ಅಳತೆಗೂ ಅವರ ಬೆನ್ನ ಹಿಂದೆ ಆದ ಅಳತೆಗೂ ಅಜಗಜಾಂತರ. ಸುತ್ತಲಿನ ಬಾಂದು ಕಲ್ಲುಗಳನ್ನು ಮೊದಲೇ ಹುಡುಕಿ, ಮೇಲಿನ ಮಣ್ಣು, ಲಂಟಾನ ತೆಗೆದು ಕಾಣುವಂತೆ ಮಾಡಿಡಿ, ಆದರೆ ಅಲುಗಾಡಿಸಬೇಡಿ; ವಾಲಿದ್ದರೆ ವಾಲಿದಂತೆಯೇ ಇರಲಿ, ಗಡಿಗುರುತನ್ನು ಕದಲಿಸುವುದು ಶಿಕ್ಷಾರ್ಹ. ಊರಿನ ಹಿರಿಯರಲ್ಲಿ 1994ರ ಹಿಂದೆ 112ನ್ನು ಯಾರು ಉಳುತ್ತಿದ್ದರು ಎಂದು ಬಲ್ಲವರೊಬ್ಬರು ಸಿಕ್ಕರೆ ಅವರನ್ನೂ ಬದುವಿನ ಮೇಲೆ ನಿಲ್ಲಿಸಿಕೊಳ್ಳಿ, ಮಹಜರಿಗೆ ಅವರ ಸಹಿಯನ್ನೂ ಹಾಕಿಸಿ. ನಕ್ಷೆಯ ಪ್ರತಿ ಕೈಗೆ ಬಂದ ಮೇಲೆ ಪಿಡಿಒ ಅವರ ಅರ್ಜಿಗೆ ಅದನ್ನೂ ಲಗತ್ತಿಸಿ. ಮನೆ 112ರಲ್ಲೇ ಇದೆ ಎಂದು ತೋರಿಸಲು ಅಲ್ಲಿ ನಿಮ್ಮ ಬಳಿ ಬೇರೆ ಆಧಾರ ಇರುವುದಿಲ್ಲ.